ಗರ್ಭಕೋಶದ ಆಪರೇಷನ್ ಆಗಿ ಮನೆಗೆ ಹೊರಡುವ ಮೊದಲು ಏನೇನು ಕೇಳಿಕೊಳ್ಳಬೇಕು? ಮುಂದಿನ ವಾರ ಚಿಕ್ಕಮ್ಮನಿಗೆ ಇದೆ

ಮದ್ದೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನಿಗೆ ಮುಂದಿನ ವಾರ ಮೈಸೂರಿನಲ್ಲಿ ಆಪರೇಷನ್. ವಯಸ್ಸು 52. ಗರ್ಭಕೋಶ ಜಾರಿದೆ, ಕೆಳಗಿನಿಂದಲೇ ತೆಗೆದು ಮೂತ್ರಚೀಲದ ಕಡೆಗೂ ಹೊಲಿಗೆ ಹಾಕುತ್ತೇವೆ ಎಂದಿದ್ದಾರೆ. ಆಪರೇಷನ್ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಮನೆಗೆ ಕಳಿಸುವ ದಿನದ ಬಗ್ಗೆ ಭಯ. ಯಾಕೆ ಅಂತ ಹೇಳುತ್ತೇನೆ.

ಹೋದ ವರ್ಷ ನಮ್ಮಮ್ಮನಿಗೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದರು. ಗಡ್ಡೆ ಇತ್ತು, ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. 5ನೇ ದಿನ ಡಿಸ್ಚಾರ್ಜ್. ಬೆಳಗ್ಗೆ ರೌಂಡ್ಸಿಗೆ ಬಂದವರು "ಇವತ್ತು ಮನೆಗೆ ಹೋಗಬಹುದು" ಎಂದರು, ಅಷ್ಟೇ. ಆಮೇಲೆ ಮಧ್ಯಾಹ್ನ ಎರಡೂವರೆ ತನಕ ಬಿಲ್ಲು, ಕಾರ್ಡು, ಸಹಿ. ಕೊನೆಗೆ ಯಾರೋ ಒಬ್ಬರು ಬಂದು ಕೌಂಟರ್ ಹತ್ತಿರ ನಿಂತಿದ್ದ ನನ್ನ ಅಣ್ಣನ ಕೈಗೆ ಫೈಲ್ ಕೊಟ್ಟು, ಮಾತ್ರೆ ಇಷ್ಟಿಷ್ಟು, ಭಾರ ಎತ್ತಬಾರದು, 10 ದಿನ ಬಿಟ್ಟು ಬನ್ನಿ ಎಂದು ಹೇಳಿ ಹೋದರು. ಅಣ್ಣನ ಗಮನವೆಲ್ಲ ಹೊರಗೆ ಕಾಯುತ್ತಿದ್ದ ಕಾರಿನವನ ಮೇಲೆ. ಅಮ್ಮ ಸೀರೆ ಉಟ್ಟುಕೊಂಡು ಮಂಚದ ಮೇಲೆ ಕೂತಿದ್ದರು. ಅವರಿಗೆ ಯಾರೂ ಏನೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಅಜ್ಜಿಯ ಪಥ್ಯ ಶುರುವಾಯಿತು. ಸೊಪ್ಪು ನಂಜು, ಬೇಳೆ ವಾಯು, ಮೊಸರು ಶೀತ. ನೀರು ಊಟಕ್ಕೆ ಅರ್ಧ ಲೋಟ. ಎರಡು ಹೊತ್ತು ಬಿಸಿ ಅನ್ನ, ಮೆಣಸಿನ ಸಾರು. ಜೊತೆಗೆ ಕಬ್ಬಿಣದ ಮಾತ್ರೆ ಬೇರೆ. ನಾಲ್ಕು ದಿನ ಕಕ್ಕಸಿಗೇ ಹೋಗಲಿಲ್ಲ. ಐದನೇ ದಿನ ಮುಕ್ಕಿ ಮುಕ್ಕಿ ಹೊಲಿಗೆ ಒಂದು ಕಡೆ ಬಿಟ್ಟುಕೊಂಡು ನೀರು ಜಿನುಗತೊಡಗಿತು. ಅಮ್ಮ ಅದನ್ನೂ ಹೇಳಲಿಲ್ಲ. ಹೀಗೇ ಇರುತ್ತದೇನೋ ಅಂದುಕೊಂಡು ಹಳೇ ಸೀರೆ ತುಂಡು ಮಡಚಿ ಇಟ್ಟುಕೊಂಡು ಎರಡು ದಿನ ಕಳೆದಿದ್ದಾರೆ. ಚಳಿಜ್ವರ ಬಂದಾಗಲೇ ನಮಗೆ ಗೊತ್ತಾಗಿದ್ದು. ಮತ್ತೆ ಅಡ್ಮಿಟ್, ಕೀವು ತೆಗೆದು ದಿನಾ ಡ್ರೆಸ್ಸಿಂಗ್, ಮೂರು ವಾರ.

ಆಮೇಲೆ ಒಂದು ದಿನ ಅಮ್ಮ ಹೇಳಿದರು: "ನನ್ನ ಹೊಟ್ಟೆ ವಿಷಯ, ನನಗೇ ಯಾರೂ ಹೇಳಲಿಲ್ಲವಲ್ಲ ಮಗಾ." ಅದು ಇನ್ನೂ ಕಿವಿಯಲ್ಲಿದೆ.

ಈ ಸಲ ಹಾಗಾಗಬಾರದು. ಏನು ಕೇಳಬೇಕು, ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು? ಗೊತ್ತಿರುವವರು ದಯವಿಟ್ಟು ಬರೆಯಿರಿ.

ವಾರ್ಡಿನ ಹಳೇ ಸಿಸ್ಟರ್

ಮಗಳೇ, ಓದಿ ಸಂಕಟ ಆಯಿತು. ನಾನು ಮೈಸೂರಿನಲ್ಲಿ ಹೆಂಗಸರ ವಾರ್ಡಿನಲ್ಲೇ ಬಹಳ ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ನಿಮ್ಮಮ್ಮನಿಗೆ ಆದದ್ದು ನಾನು ತುಂಬಾ ಸಲ ನೋಡಿದ್ದೇನೆ. ವಾಪಸ್ ಬರುವವರಲ್ಲಿ ಎಷ್ಟೋ ಜನಕ್ಕೆ ಆಪರೇಷನ್ ಕೆಟ್ಟಿರುವುದಿಲ್ಲ, ಮನೆಗೆ ಹೋಗುವ ಮಾತು ಕೆಟ್ಟಿರುತ್ತದೆ.

ಮೊದಲನೆಯದು, ಯಾವಾಗ ಅಂದರೆ, ಈಗಲೇ. ಡಿಸ್ಚಾರ್ಜ್ ದಿನ ಕೇಳಿದರೆ ತಡ ಆಯಿತು ಅಂತ ತಿಳಿಯಿರಿ. ಆ ದಿನ ಪೇಷಂಟ್ ತಲೆಯಲ್ಲಿ ಮನೆ ಒಂದೇ ಇರುತ್ತದೆ, ಜೊತೆಯಲ್ಲಿರುವವರ ತಲೆಯಲ್ಲಿ ಬಿಲ್ಲು. ನೀವು ಏನು ಹೇಳಿದರೂ "ಹ್ಞೂಂ ಹ್ಞೂಂ" ಅನ್ನುತ್ತಾರೆ. ಅಡ್ಮಿಟ್ ಆಗುವ ಮೊದಲೇ ಒಂದು ನೋಟ್‌ಬುಕ್ ತೆಗೆದುಕೊಂಡು ಚಿಕ್ಕಮ್ಮನನ್ನು ಕೂರಿಸಿಕೊಂಡು ಅವರ ಒಂದು ದಿನ ಬರೆಸಿಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ಏನು ಮಾಡುತ್ತಾರೆ, ನೀರು ಎಲ್ಲಿಂದ ತರುತ್ತಾರೆ, ಹಸು ಎಷ್ಟಿವೆ, ಕಕ್ಕಸು ಕುಕ್ಕರುಗಾಲಲ್ಲಿ ಕೂರುವುದಾ ಕಮೋಡಾ, ಮಲಗುವುದು ಚಾಪೆಯಾ ಮಂಚವಾ. ಯಾಕೆ ಅಂದರೆ ನಾವು "ಭಾರ ಎತ್ತಬೇಡಿ" ಎಂದರೆ ನಮ್ಮ ಹೆಂಗಸರು ಮೂಟೆ ಅಂದುಕೊಳ್ಳುತ್ತಾರೆ. ಬಿಂದಿಗೆ ಅವರ ಲೆಕ್ಕದಲ್ಲಿ ಭಾರವೇ ಅಲ್ಲ. ತುಂಬಿದ ಬಿಂದಿಗೆ 12, 15 ಕೆಜಿ ಬರುತ್ತದೆ. ಮೊದಲ 6 ವಾರ 4, 5 ಕೆಜಿಗಿಂತ ಜಾಸ್ತಿ ಎತ್ತಬಾರದು. ಅದಕ್ಕೇ ನಾನು ವಾರ್ಡಿನಲ್ಲಿ ಕೆಜಿ ಲೆಕ್ಕ ಹೇಳುವುದನ್ನೇ ಬಿಟ್ಟಿದ್ದೆ. ಬಿಂದಿಗೆ ಬೇಡ, ಮೊಮ್ಮಗುವನ್ನು ಎತ್ತಿ ಸೊಂಟಕ್ಕೆ ಕೂರಿಸಿಕೊಳ್ಳುವುದು ಬೇಡ, ಹುಲ್ಲಿನ ಹೊರೆ ಬೇಡ, ಗ್ಯಾಸ್ ಸಿಲಿಂಡರ್ ಉರುಳಿಸುವುದು ಬೇಡ, ಒದ್ದೆ ಬೆಡ್‌ಶೀಟ್ ಹಿಂಡುವುದು ಬೇಡ ಎಂದು ಒಂದೊಂದೇ ಹೇಳುತ್ತಿದ್ದೆ. ಮುದ್ದೆ ತೊಳಸುವುದೂ ಬೇಡ. ಇದನ್ನು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಆದರೆ ಹತ್ತು ಜನರ ಮನೆಯ ಮುದ್ದೆ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲು ಹಾಕಿ ತಿರುವುವಾಗ ಕಿಬ್ಬೊಟ್ಟೆಗೆ ಬೀಳುವ ಒತ್ತಡ ಕಡಿಮೆಯದಲ್ಲ.

ಎರಡನೆಯದು, ಹೇಳುವುದು ಅವರಿಗೇ ಹೇಳಬೇಕು. ಮಗನಿಗಲ್ಲ, ಅಳಿಯನಿಗಲ್ಲ. ಜೊತೆಗೆ ಒಬ್ಬ ಹೆಂಗಸು ಇರಲಿ. ಗಂಡಸರನ್ನು ಐದು ನಿಮಿಷ ಆಚೆ ಕಳಿಸಿ, ಪರದೆ ಎಳೆದು ಮಾತಾಡಲು ಸಿಸ್ಟರ್‌ನ ಕೇಳಿಕೊಳ್ಳಿ. ಗಂಡ ಹೆಂಡತಿ ಸೇರುವ ವಿಷಯ, ಬಿಳಿ ಹೋಗುವ ವಿಷಯ, ಮೂತ್ರ ಸೋರುವ ವಿಷಯ ಮೈದುನನ ಎದುರಿಗೆ ಯಾರು ಕೇಳುತ್ತಾರೆ ಹೇಳಿ? ಕೇಳದೇ ಮನೆಗೆ ಹೋಗುತ್ತಾರೆ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. "ಗೊತ್ತಾಯಿತಾ?" ಎಂದು ಕೇಳಿದರೆ ಎಲ್ಲರೂ ಗೊತ್ತಾಯಿತು ಎನ್ನುತ್ತಾರೆ. "ಅಮ್ಮಾ, ಮನೆಗೆ ಹೋದ ಮೇಲೆ ನಿಮ್ಮ ಸೊಸೆಗೆ ಏನು ಹೇಳುತ್ತೀರಿ, ನನಗೆ ಒಂದ್ಸಲ ಹೇಳಿ" ಎಂದು ಕೇಳಬೇಕು. ಆಗ ಗೊತ್ತಾಗುತ್ತದೆ ಎಷ್ಟು ಒಳಗೆ ಇಳಿದಿದೆ ಅಂತ. ಒಬ್ಬರು ಮಳವಳ್ಳಿ ಕಡೆಯ ಅಮ್ಮ, ಚೀಟಿಯಲ್ಲಿ 1-0-1 ಅಂತ ಇದ್ದ ಮಾತ್ರೆಯನ್ನು ಒಂದು ದಿನ ತಗೊಂಡು, ಒಂದು ದಿನ ಬಿಟ್ಟು, ಮತ್ತೆ ಒಂದು ದಿನ ತಗೊಳ್ಳುವುದು ಅಂತ ತಿಳಿದುಕೊಂಡಿದ್ದರು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ನಮಗೆ ಗೊತ್ತು, ಅವರಿಗೆ ಯಾರು ಹೇಳಿದ್ದರು? ವಾಪಸ್ ಹೇಳಿಸಿದ್ದಕ್ಕೆ ಸಿಕ್ಕಿತು. ಇಲ್ಲದಿದ್ದರೆ ಆಂಟಿಬಯೋಟಿಕ್ ಅರ್ಧ ಕೋರ್ಸೇ ಆಗುತ್ತಿತ್ತು.

ಹೇಮಾವತಿ ನಾಲೆ ಪಕ್ಕ

ಅಕ್ಕ, ನಿಮ್ಮ ಚಿಕ್ಕಮ್ಮನಿಗೆ ಆಗುವ ಆಪರೇಷನ್ನೇ ನನಗೆ ಎರಡು ವರ್ಷದ ಹಿಂದೆ ಆಗಿದ್ದು. ನಮ್ಮದು ಕೆ.ಆರ್.ಪೇಟೆ ತಾಲ್ಲೂಕು. ಕೆಳಗಿನಿಂದ ಮಾಡುವುದರಲ್ಲಿ ಒಂದು ತೊಂದರೆ ಇದೆ. ಹೊಟ್ಟೆ ಮೇಲೆ ಗಾಯವೇ ಕಾಣುವುದಿಲ್ಲ. 4ನೇ ದಿನಕ್ಕೆ ಎದ್ದು ಓಡಾಡುತ್ತೀವಿ. ಮನೆಯಲ್ಲಿ ಎಲ್ಲರಿಗೂ ಸರಿಹೋಯಿತು ಅನ್ನಿಸುತ್ತದೆ. ನಮಗೂ ಹಾಗೇ ಅನ್ನಿಸುತ್ತದೆ. ನಾನು 12ನೇ ದಿನಕ್ಕೆ ಕೊಟ್ಟಿಗೆಯಲ್ಲಿ ಸಗಣಿ ಬಾಚಲು ಕೂತೆ. ಅವತ್ತು ಸಂಜೆ ರಕ್ತ ಕಾಣಿಸಿಕೊಂಡಿತು. ಪುಣ್ಯಕ್ಕೆ ಜಾಸ್ತಿ ಆಗಲಿಲ್ಲ. ಒಳಗೆ ಹೊಲಿಗೆ ಇದೆ, ಅದು ಕಾಣುವುದಿಲ್ಲ ಅಷ್ಟೇ ಎಂದು ಡಾಕ್ಟರಮ್ಮ ಆಮೇಲೆ ಬಿಡಿಸಿ ಹೇಳಿದರು. ಮೊದಲೇ ಹೇಳಿದ್ದರೆ ಕೂರುತ್ತಲೇ ಇರಲಿಲ್ಲ.

ನನಗೆ ಮೂತ್ರದ ಪೈಪ್ ಇಟ್ಟುಕೊಂಡೇ ಮನೆಗೆ ಕಳಿಸಿದ್ದರು, 10 ದಿನಕ್ಕೆ. ಎಲ್ಲರಿಗೂ ಹಾಗೆ ಕಳಿಸುವುದಿಲ್ಲ, ನಿಮ್ಮ ಚಿಕ್ಕಮ್ಮನಿಗೆ ಏನು ಮಾಡುತ್ತಾರೆ ಅಂತ ಮೊದಲೇ ಕೇಳಿ. ಪೈಪಿಗೆ ಸಿಕ್ಕಿಸಿದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು, ಮೇಲೆ ಎತ್ತಿದರೆ ಮೂತ್ರ ವಾಪಸ್ ಒಳಗೆ ಹೋಗುತ್ತದೆ. ನೆಲದ ಮೇಲೆ ಎಳೆದಾಡಬಾರದು. ನಾನು ಚಾಪೆ ಬಿಟ್ಟು ಮಂಚಕ್ಕೆ ಬಂದಿದ್ದೇ ಅದಕ್ಕೆ, ಮಂಚದ ಪಟ್ಟಿಗೆ ಚೀಲ ನೇತುಹಾಕಬಹುದು. ಓಡಾಡುವಾಗ ಬಟ್ಟೆ ಬ್ಯಾಗಿನೊಳಗೆ ಹಾಕಿ ಮಂಡಿ ಹತ್ತಿರ ಹಿಡಿದುಕೊಳ್ಳುತ್ತಿದ್ದೆ, ನೋಡುವವರಿಗೂ ಕಾಣುವುದಿಲ್ಲ. ಚೀಲ ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ಮುಟ್ಟುವ ಮೊದಲು, ಮುಟ್ಟಿದ ಮೇಲೆ ಸೋಪಲ್ಲಿ ಕೈ ತೊಳೆಯಿರಿ. ಚೀಲಕ್ಕೆ ಗಂಟೆಗಟ್ಟಲೆ ಒಂದು ಹನಿಯೂ ಬಾರದೆ ಹೊಟ್ಟೆ ಕೆಳಗೆ ಬಿಗಿದರೆ ಪೈಪ್ ಮಡಚಿದೆಯಾ ನೋಡಿ, ಇಲ್ಲವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಪಾಂಡವಪುರದವನು

ಗಂಡಸರ ಕಡೆಯಿಂದ ಒಂದು ಮಾತು. ನನ್ನ ಹೆಂಡತಿಗೆ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ತೆಗೆದರು, 2ನೇ ದಿನಕ್ಕೇ ಮನೆಗೆ ಕಳಿಸಿದರು. ಮನೆಗೆ ಬಂದ ರಾತ್ರಿ ಬಲ ಹೆಗಲು ನೋವು ಅಂತ ಒದ್ದಾಡಿದಳು. ಹಾರ್ಟ್ ಇರಬಹುದು ಅಂತ ಹೆದರಿ ರಾತ್ರಿ ಹನ್ನೊಂದಕ್ಕೆ ಮೈಸೂರಿಗೆ ಕಾರು ಓಡಿಸಿದೆ. ಆಪರೇಷನ್‌ಗೆ ಹೊಟ್ಟೆಗೆ ತುಂಬುವ ಗ್ಯಾಸಿನಿಂದ ಹೆಗಲು ನೋವು ಬರುತ್ತದೆ, ಒಂದೆರಡು ದಿನದಲ್ಲಿ ತಾನೇ ಹೋಗುತ್ತದೆ ಎಂದರು. ಇಷ್ಟನ್ನು ಮೊದಲೇ ಹೇಳಿದ್ದರೆ ಅವಳಿಗೆ ಆ ದಾರಿಯ ಕುಲುಕಾಟ ತಪ್ಪುತ್ತಿತ್ತು.

ಇನ್ನೊಂದು, ಸಿಸ್ಟರ್ ಹೇಳಿದ್ದು ಸರಿ, ಹೆಂಗಸರಿಗೇ ಹೇಳಬೇಕು. ಆದರೆ ಗಂಡನಿಗೂ ಬೇರೆಯಾಗಿ ಹೇಳಿ. 6 ರಿಂದ 8 ವಾರ ಸೇರಬಾರದು, ಡಾಕ್ಟರ್ ಒಳಗೆ ನೋಡಿ ಸರಿ ಅನ್ನುವ ತನಕ ಅಂತ ನನಗೆ ಒಬ್ಬ ಡಾಕ್ಟರ್ ಮುಖ ನೋಡಿ ನೇರವಾಗಿ ಹೇಳಿದರು. ಅವಳು ನನಗೆ ಹೇಳಬೇಕಾದ ಕಷ್ಟ ತಪ್ಪಿತು. ಎಷ್ಟೋ ಮನೆಯಲ್ಲಿ ಆ ಮಾತನ್ನು ಹೆಂಡತಿ ಬಾಯಲ್ಲಿ ಹೇಳಲು ಆಗುವುದಿಲ್ಲ.

ಮೈಸೂರು ಸ್ತ್ರೀರೋಗ ವೈದ್ಯೆ

ಇಲ್ಲಿ ಬರೆದಿರುವುದನ್ನೆಲ್ಲ ಓದಿದೆ. ಡಾಕ್ಟರಾಗಿ ಹೇಳುತ್ತೇನೆ, ತಪ್ಪು ನಮ್ಮ ಕಡೆಯದೂ ಇದೆ. ಒಪಿಡಿಯಲ್ಲಿ ಜನ ತುಂಬಿರುತ್ತಾರೆ, ಥಿಯೇಟರಿನಿಂದ ಕರೆಯುತ್ತಿರುತ್ತಾರೆ, ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ ಬರೆದು ಮುಗಿಸುತ್ತೇವೆ. ಹಾಗಂತ ಸುಮ್ನೆ ಇರಬೇಡಿ. ಕೇಳುವುದು ನಿಮ್ಮ ಹಕ್ಕು.

ನಾನು ಮೂರು ಪ್ರಶ್ನೆ ಹೇಳುತ್ತೇನೆ, ಇವನ್ನು ಸಿಸ್ಟರ್‌ನ ಅಲ್ಲ, ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ. ಒಂದು, ಓವರಿ (ಅಂಡಾಶಯ) ತೆಗೆದಿದ್ದೀರಾ ಬಿಟ್ಟಿದ್ದೀರಾ? ಎಷ್ಟೋ ಹೆಂಗಸರಿಗೆ ತಮ್ಮ ಹೊಟ್ಟೆಯಿಂದ ಏನು ತೆಗೆದರು ಅಂತಲೇ ಗೊತ್ತಿರುವುದಿಲ್ಲ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಓವರಿ ತನ್ನ ಕೆಲಸ ಮಾಡುತ್ತಿರುತ್ತದೆ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಎರಡೂ ಓವರಿ ತೆಗೆದರೆ ಕೆಲವೇ ದಿನದಲ್ಲಿ ಮೈ ಬಿಸಿ ಏರುವುದು, ರಾತ್ರಿ ಬೆವರುವುದು, ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಅಳು ಬರುವುದು ಶುರುವಾಗಬಹುದು. ಮನೆಯವರು ಇದನ್ನು ಸಿಡುಕು ಅಂದುಕೊಳ್ಳುತ್ತಾರೆ. ಅದು ಸಿಡುಕಲ್ಲ, ಹಾರ್ಮೋನ್ ಒಂದೇ ಸಲ ಇಳಿದಿರುತ್ತದೆ. ಮೂಳೆಗೂ ತೊಂದರೆ. ಅಂಥವರು ಹಾರ್ಮೋನ್ ಮಾತ್ರೆ ಬೇಕಾ, ಕ್ಯಾಲ್ಸಿಯಂ ಬೇಕಾ ಎಂದು ಕೇಳಲೇಬೇಕು.

ಎರಡು, ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದೀರಾ, ರಿಪೋರ್ಟ್ ಯಾವ ದಿನ, ಯಾವ ಕೋಣೆಯಲ್ಲಿ ಕೊಡುತ್ತಾರೆ? ಬಯಾಪ್ಸಿ ರಿಪೋರ್ಟ್ ಬರುವುದು ಡಿಸ್ಚಾರ್ಜ್ ಆದ ಮೇಲೆ. ಹೊಲಿಗೆ ಬಿಚ್ಚಿಸಲು ಹತ್ತಿರದ ಊರಿನ ಆಸ್ಪತ್ರೆಗೆ ಹೋಗುತ್ತಾರೆ, ರಿಪೋರ್ಟ್ ಆಪರೇಷನ್ ಆದ ಆಸ್ಪತ್ರೆಯಲ್ಲೇ ಉಳಿದುಹೋಗುತ್ತದೆ. ಅದರಲ್ಲಿ ಏನಾದರೂ ಇದ್ದರೆ, ತಿಂಗಳುಗಟ್ಟಲೆ ಯಾರೂ ನೋಡದೆ ಇದ್ದರೆ, ಎಂಥ ಅನ್ಯಾಯ ಅಲ್ವಾ? ದಯವಿಟ್ಟು ಹೋಗಿ ತೆಗೆದುಕೊಂಡು ಡಾಕ್ಟರಿಗೆ ತೋರಿಸಿ.

ಮೂರು, ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ಯಾವುದು ಮುಂದುವರಿಸಬೇಕು? ರಕ್ತ ತೆಳು ಮಾಡುವ ಮಾತ್ರೆಯನ್ನು ಆಪರೇಷನ್‌ಗೆ ನಿಲ್ಲಿಸಿದ್ದರೆ ಯಾವತ್ತಿನಿಂದ ಶುರು ಮಾಡಬೇಕು? ಇದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆಪರೇಷನ್ ಮಾತ್ರೆ ಬಂತು ಅಂತ ಹಳೇ ಬಿಪಿ ಮಾತ್ರೆ ಬಿಟ್ಟುಬಿಡುವವರು ತುಂಬಾ ಜನ.

ಸರಸ್ವತಿಪುರಂ ಸೊಸೆ

ಪಥ್ಯದ ಬಗ್ಗೆ ಯಾರಾದರೂ ಬರೆಯುತ್ತೀರಾ? ನಮ್ಮ ಮನೆಯಲ್ಲಿ ಇದೇ ದೊಡ್ಡ ಜಗಳ. ನಮ್ಮತ್ತೆಗೆ ಆಪರೇಷನ್ ಆಗಿ ಒಂದು ವಾರ. ನಾನು ಮೊಟ್ಟೆ ಕೊಟ್ಟರೆ ನಾದಿನಿ ಕಿತ್ತಿಡುತ್ತಾಳೆ, ಕೀವಾಗುತ್ತದೆ ಅಂತ.

ತೊಣ್ಣೂರು ಕೆರೆ ಕಡೆಯವರು

ತಂಗಿ, ಹಿರಿಯರು ಸುಮ್ನೆ ಹೇಳಿರುವುದಿಲ್ಲ. ನಮ್ಮ ತಾಯಿ ಕಾಲದಲ್ಲಿ ಬದನೆಕಾಯಿ, ಕುಂಬಳಕಾಯಿ, ಮೀನು ಏನೂ ಮುಟ್ಟಿಸದೆ ಗಾಯ ಮಾಗಿಸುತ್ತಿದ್ದರು. ಎಲ್ಲವನ್ನೂ ಮೂಢನಂಬಿಕೆ ಅಂತ ತಳ್ಳಬಾರದು.

ವಾರ್ಡಿನ ಹಳೇ ಸಿಸ್ಟರ್

ಹಿರಿಯರ ಕಾಳಜಿಯನ್ನು ನಾನು ತಳ್ಳುವುದಿಲ್ಲ. ನಿಮ್ಮ ತಾಯಿ ಬೆಳ್ಳುಳ್ಳಿ ಹಾಕಿ ಬಿಸಿ ಸಾರು ಕೊಟ್ಟರು, ಕೆಲಸ ಮಾಡಲು ಬಿಡಲಿಲ್ಲ, ಮಗ್ಗುಲಲ್ಲಿ ಯಾರಾದರೂ ಮಲಗುತ್ತಿದ್ದರು. ಇದೆಲ್ಲ ಬೇಕು. ಬದನೆಕಾಯಿ ಒಂದು ತಿಂಗಳು ತಿನ್ನದಿದ್ದರೂ ಏನೂ ಆಗುವುದಿಲ್ಲ, ಬಿಡಿ. ಆದರೆ ನೀರು ಕಡಿಮೆ ಮಾಡುವುದನ್ನು, ಬೇಳೆ ಮೊಟ್ಟೆ ಮೊಸರು ಕಿತ್ತಿಡುವುದನ್ನು ನಾನು ಒಪ್ಪುವುದಿಲ್ಲ. ಗಾಯ ಕೂಡಿಕೊಳ್ಳುವುದಕ್ಕೆ ಪ್ರೋಟೀನ್ ಬೇಕು. ಅದು ಬರೀ ಅನ್ನ ಸಾರಿನಲ್ಲಿ ಸಾಕಷ್ಟು ಸಿಗುವುದಿಲ್ಲ. ಗಾಯ ಕೀವಾಗುವುದು ಕೊಳೆ ಕೈಯಿಂದ, ಶುಗರ್ ಜಾಸ್ತಿ ಇರುವುದರಿಂದ, ಒದ್ದೆ ಬಟ್ಟೆಯಿಂದ. ಮೊಟ್ಟೆಯಿಂದ ಅಲ್ಲ.

ಮಲ ಗಟ್ಟಿಯಾಗುವುದು ನಮ್ಮ ಕಡೆ ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಗರ್ಭಕೋಶ ಜಾರಿ ಆಪರೇಷನ್ ಆದವರಿಗೆ ಮುಕ್ಕುವುದು ಬಿಂದಿಗೆ ಎತ್ತಿದಷ್ಟೇ ಕೆಟ್ಟದ್ದು. ದಿನಕ್ಕೆ 8, 10 ಲೋಟ ನೀರು (ಹೃದಯ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ), ಸೊಪ್ಪಿನ ಸಾರು, ಪರಂಗಿ ಹಣ್ಣು, ಮೆತ್ತಗಿನ ರಾಗಿ ಮುದ್ದೆ ಅಥವಾ ಅಂಬಲಿ. ಮಲ ಸಡಿಲ ಮಾಡುವ ಔಷಧಿ ಚೀಟಿಯಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಎರಡು ದಿನ ಹೋಗದಿದ್ದರೆ ಮೂರನೇ ದಿನಕ್ಕೆ ಕಾಯಬೇಡಿ. ಕಬ್ಬಿಣದ ಮಾತ್ರೆಗೆ ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಅದನ್ನು ಕಾಫಿ, ಟೀ, ಹಾಲಿನ ಜೊತೆ ತಗೊಳ್ಳಬೇಡಿ, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ, ಎರಡು ಗಂಟೆ ಅಂತರ ಇರಲಿ. ನಿಂಬೆ ಪಾನಕದ ಜೊತೆ ತಗೊಂಡರೆ ಒಳ್ಳೆಯದು.

ಸ್ನಾನದ ವಿಷಯವೂ ಹೇಳಿಬಿಡುತ್ತೇನೆ. ಬಾಣಂತಿಗೆ ಹಾಕಿದ ಹಾಗೆ ಹಂಡೆಯ ಸುಡುನೀರನ್ನು ಹೊಟ್ಟೆ ಮೇಲೆ ರಭಸವಾಗಿ ಹೊಡೆಯಬಾರದು. ಡಾಕ್ಟರ್ ಸ್ನಾನಕ್ಕೆ ಒಪ್ಪಿದ ಮೇಲೆ ಉಗುರುಬೆಚ್ಚಗಿನ ನೀರು, ಮೆಲ್ಲಗೆ. ಗಾಯವನ್ನು ಉಜ್ಜಬೇಡಿ, ಒಣಗಿದ ಶುಭ್ರ ಬಟ್ಟೆಯಲ್ಲಿ ಒತ್ತಿ ಒರೆಸಿ. ಅರಿಶಿನ, ಕೊಬ್ಬರಿ ಎಣ್ಣೆ, ಬೂದಿ, ಯಾವುದೂ ಗಾಯದ ಮೇಲೆ ಬೇಡ. ದಪ್ಪ ಇರುವವರಿಗೆ ಹೊಟ್ಟೆ ಮಡಿಕೆ ಗಾಯದ ಮೇಲೆ ಬೀಳುತ್ತದೆ, ಅಲ್ಲಿ ಬೆವರಿ ಒದ್ದೆಯಾಗುತ್ತದೆ. ದಿನಕ್ಕೆ ಎರಡು ಸಲ ಮಡಿಕೆ ಎತ್ತಿ ಕನ್ನಡಿ ಹಿಡಿದು ನೋಡಿಕೊಳ್ಳಿ. ನಾನು ಹಳ್ಳಿಗೆ ಹೋಗುವ ಹೆಂಗಸರಿಗೆ ಪೌಡರ್ ಡಬ್ಬಿ ಕನ್ನಡಿ ಸಾಕು ಅಂತ ಹೇಳಿ ವಾರ್ಡಿನಲ್ಲೇ ಒಂದ್ಸಲ ತೋರಿಸಿ ಕಳಿಸುತ್ತಿದ್ದೆ.

ಫಿಸಿಯೋ ಕೆಲಸದವಳು

ಪ್ರಯಾಣದ ಬಗ್ಗೆ ಯಾರೂ ಬರೆದಿಲ್ಲ. ಕಾರಾದರೆ ಮುಂದಿನ ಸೀಟ್ ಸ್ವಲ್ಪ ಹಿಂದಕ್ಕೆ ಸರಿಸಿ ಕೂರಿಸಿ. ಒಂದು ಸಣ್ಣ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಲಿ, ಸೀಟ್ ಬೆಲ್ಟ್ ದಿಂಬಿನ ಮೇಲೆ ಬರಲಿ. ಕೆಮ್ಮುವಾಗ, ಸೀನುವಾಗ, ನಗುವಾಗಲೂ ಅದೇ ದಿಂಬು. ಬೈಕ್ ಬೇಡವೇ ಬೇಡ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಫ್ರೀ ಆಗಿದ್ದು ಒಳ್ಳೆಯದೇ, ಆದರೆ ಆಪರೇಷನ್ ಆದ 3ನೇ ದಿನ ರಶ್ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಮನೆಗೆ ಹೋದವರನ್ನು ನಾನು ಬಲ್ಲೆ. ಸಾಲ ಮಾಡಿಯಾದರೂ ಆ ಒಂದು ದಿನ ಗಾಡಿ ಮಾಡಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಆಟೋ ಬಿಡುವುದಿಲ್ಲ, ಸರ್ವಿಸ್ ರೋಡಿನಲ್ಲಿ ಹಂಪ್ ಜಾಸ್ತಿ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹಾಸಿಗೆಯಿಂದ ಏಳುವುದನ್ನು ಆಪರೇಷನ್‌ಗೆ ಮೊದಲೇ ಕಲಿಸಿ. ಮಂಡಿ ಮಡಚಿ, ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು. ನೇರವಾಗಿ ಹೊಟ್ಟೆ ಎತ್ತಿ ಏಳಬಾರದು. ಮಲಗಿಕೊಂಡೇ ಇರುವುದೂ ತಪ್ಪು. ಗಂಟೆಗೊಂದು ಸಲ ಪಾದ ಮೇಲೆ ಕೆಳಗೆ ಆಡಿಸಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿ. ಮಲಗಿದ್ದೇ ಜಾಸ್ತಿಯಾದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು.

ಹೊಟ್ಟೆಗೆ ಕಟ್ಟುವ ಬೆಲ್ಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೊಟ್ಟೆ ಕೊಯ್ದವರಿಗೆ ಓಡಾಡುವಾಗ ಆರಾಮ ಅನ್ನಿಸಿದರೆ ಸಡಿಲವಾಗಿ ಹಾಕಿಕೊಳ್ಳಬಹುದು. ಕೆಳಗಿನಿಂದ ಮಾಡಿದವರು ಹೊಟ್ಟೆ ಬಿಗಿದು ಕಟ್ಟಬೇಡಿ, ಒತ್ತಡ ಕೆಳಕ್ಕೇ ಹೋಗುತ್ತದೆ.

ಆಶಾ ಅಕ್ಕ, ನಾಗಮಂಗಲ ಕಡೆ

ನಮ್ಮಂಥ ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು ತಿಳಿಸಿ ಸಾಕು. ಹೆರಿಗೆ ಆದವರು ನಮ್ಮ ಪಟ್ಟಿಯಲ್ಲಿ ಇರುತ್ತಾರೆ, ಗರ್ಭಕೋಶ ತೆಗೆಸಿದವರು ಇರುವುದಿಲ್ಲ. ಯಾರೂ ಹೇಳದಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಹೇಳಿದರೆ ಹೋಗಿ ನೋಡಿ ಬರುತ್ತೇವೆ. ಡ್ರೆಸ್ಸಿಂಗ್ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ (ಪಿಎಚ್‌ಸಿ) ಮಾಡಿಸಬಹುದು, ಅದಕ್ಕೆ ಅಂತ ಮೈಸೂರಿಗೆ ದಿನಾ ಓಡಾಡಬೇಕಿಲ್ಲ, ಚೀಟಿ ಜೊತೆಗಿರಲಿ. ಆಯುಷ್ಮಾನ್ ಕಾರ್ಡಿನ ಮೇಲೆ ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಆದ ಮೇಲೂ 15 ದಿನದ ಔಷಧಿ ಅದರಲ್ಲೇ ಸೇರುತ್ತದೆ, ಹೊರಡುವಾಗ ಕೇಳಿ.

ಮದ್ದೂರಿನ ಮಗಳು

ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸಿಸ್ಟರ್, ಒಂದೇ ಒಂದು ಉಳಿದಿದೆ. ಯಾವುದು ಮಾಮೂಲು, ಯಾವುದಕ್ಕೆ ಓಡಬೇಕು? ನಮ್ಮಮ್ಮ ತಪ್ಪಿದ್ದು ಅಲ್ಲೇ.

ವಾರ್ಡಿನ ಹಳೇ ಸಿಸ್ಟರ್

ಮಾಮೂಲು ಅಂದರೆ, ಸ್ವಲ್ಪ ಕಂದು ಬಣ್ಣದ ಅಥವಾ ತಿಳಿ ಕೆಂಪು ಸ್ರಾವ ಕೆಲವು ವಾರ ಇರುತ್ತದೆ. ಒಳಗಿನ ಹೊಲಿಗೆ ಕರಗುವಾಗ ಸಣ್ಣ ದಾರದ ತುಂಡು ಬರಬಹುದು. ಸುಸ್ತು, ಮಧ್ಯಾಹ್ನ ನಿದ್ದೆ ಎಳೆಯುವುದು, ಗಾಯದ ಸುತ್ತ ಜೋಮು. ಇದಕ್ಕೆಲ್ಲ ಹೆದರಬೇಡಿ. ಪ್ಯಾಡ್ ಮಾತ್ರ ಹೊರಗೆ ಇಡುವಂಥದ್ದು, ಬಟ್ಟೆ ಬೇಡ.

ಓಡಬೇಕಾದದ್ದು: ಜ್ವರ 100.4 ಮುಟ್ಟಿದರೆ ಅಥವಾ ಚಳಿ ನಡುಕ ಬಂದರೆ. ಇದಕ್ಕೆ 100, 150 ರೂಪಾಯಿಯ ಥರ್ಮಾಮೀಟರ್ ಮನೆಯಲ್ಲಿರಲಿ, ಕೈ ಇಟ್ಟು ನೋಡಿದ್ದು ಲೆಕ್ಕವಲ್ಲ. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, ಗಡ್ಡೆ ಗಡ್ಡೆ ರಕ್ತ ಬಂದರೆ. ಸ್ರಾವ ಕೆಟ್ಟ ವಾಸನೆ ಬಂದರೆ. ಗಾಯ ಕೆಂಪಾಗಿ ಬಿಸಿಯಾದರೆ, ನೀರು ಜಿನುಗಿದರೆ. ವಾಂತಿ ನಿಲ್ಲದೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ. ಮೂತ್ರ ಕಟ್ಟಿದರೆ, ಉರಿದರೆ. ಒಂದೇ ಕಾಲು ಊದಿ ಮೀನಖಂಡ ನೋವಾದರೆ. ಉಸಿರು ಕಟ್ಟಿದ ಹಾಗಾದರೆ, ಎದೆ ನೋವು ಬಂದರೆ ಮಾತ್ರ ಗಾಡಿ ಹುಡುಕುತ್ತಾ ಕೂರಬೇಡಿ, ತಕ್ಷಣ 108.

ಇನ್ನೊಂದನ್ನು ಬೇರೆಯಾಗಿ ಹೇಳುತ್ತೇನೆ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂತ್ರಕ್ಕೆ ಹೋಗದಿದ್ದರೂ ಕೆಳಗೆ ಯಾವಾಗಲೂ ಒದ್ದೆ, ಮಲಗಿದರೂ ನಿಂತರೂ ಸೋರುತ್ತಿದೆ ಅನ್ನಿಸಿದರೆ, ಅದು ಬಿಳಿ ಹೋಗುವುದಲ್ಲ. ಮೂತ್ರಚೀಲಕ್ಕೋ ನಾಳಕ್ಕೋ ತೂತಾಗಿರಬಹುದು. ಅಪರೂಪ. ಆದರೆ ಆಗುತ್ತದೆ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಾಣಿಸಿಕೊಳ್ಳುತ್ತದೆ. ಇದು ವಾಸಿಯಾಗುವ ತೊಂದರೆ. ನಾಚಿಕೆಗೆ ಬಚ್ಚಿಟ್ಟುಕೊಂಡು, ವಾಸನೆ ಬರುತ್ತದೆ ಅಂತ ಮದುವೆ ಮುಂಜಿಗೂ ಹೋಗದೆ ವರ್ಷಗಟ್ಟಲೆ ಮೂಲೆಯಲ್ಲಿ ಕೂತ ಒಬ್ಬ ಹೆಂಗಸನ್ನು ನಾನು ನೋಡಿದ್ದೇನೆ. ಆಪರೇಷನ್ ಮಾಡಿ ಸರಿಮಾಡಿದ ದಿನ ಅವಳು ಒಣಗಿದ ಹಾಸಿಗೆಯನ್ನು ಕೈಯಲ್ಲಿ ಸವರಿ ಸವರಿ ನೋಡುತ್ತಿದ್ದಳು. ನಿಮ್ಮ ಚಿಕ್ಕಮ್ಮನಿಗೆ ಇದನ್ನು ಹೇಳಿ. ಹೆದರಿಸುವುದಕ್ಕಲ್ಲ. ಆದರೆ ಹೇಳಬೇಕು ಅಂತ ಗೊತ್ತಿರಲಿ.

ಮದ್ದೂರಿನ ಮಗಳು

ಎಲ್ಲರಿಗೂ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ಚಿಕ್ಕಮ್ಮ ನಿನ್ನೆ ಮನೆಗೆ ಬಂದರು.

ಅಡ್ಮಿಟ್ ಆದ ದಿನವೇ ನೋಟ್‌ಬುಕ್ ತೆಗೆದು ವಾರ್ಡಿನ ಸಿಸ್ಟರ್‌ಗೆ ತೋರಿಸಿದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂದುಕೊಂಡಿದ್ದೆ. ಇಲ್ಲ, ರಾತ್ರಿ ಡ್ಯೂಟಿಯಲ್ಲಿ ಪುರುಸೊತ್ತು ಮಾಡಿಕೊಂಡು ಬಂದು ಪರದೆ ಎಳೆದು ಮಂಚದ ತುದಿಯಲ್ಲಿ ಕೂತರು. ಚಿಕ್ಕಪ್ಪನನ್ನು ಆಚೆ ಕಳಿಸಿದರು. ಎಲ್ಲ ಹೇಳಿದ ಮೇಲೆ ನಾನೇ ಕೇಳಿದೆ, ಚಿಕ್ಕಮ್ಮಾ, ಈಗ ನೀವು ಹೇಳಿ ಅಂತ. ಮೊದಲು ನಾಚಿಕೊಂಡರು. ಆಮೇಲೆ ಬೆರಳು ಮಡಚಿ ಒಂದೊಂದೇ ಹೇಳಿದರು. ಕಾಲು ಊತ ಮರೆತಿದ್ದರು, ಸಿಸ್ಟರ್ ನೆನಪಿಸಿದರು. "ಮುದ್ದೆ ತೊಳಸದೆ ಇದ್ದರೆ ಮನೆಯಲ್ಲಿ ಉಣ್ಣುವುದೇನು?" ಎಂದು ಅವರೇ ಕೇಳಿದರು. ಅದಕ್ಕೆ ಆ ಸಿಸ್ಟರ್ ಚಿಕ್ಕಪ್ಪನನ್ನು ಒಳಗೆ ಕರೆದು, "ಯಜಮಾನ್ರೇ, ಎಂಟು ವಾರ ಮುದ್ದೆ ಕೋಲು ನಿಮ್ಮದು" ಎಂದರು. ನಮ್ಮ ಚಿಕ್ಕಪ್ಪ ಆಗಲಿ ಎಂದರು.

ಮೂತ್ರದ ಪೈಪ್ ಆಸ್ಪತ್ರೆಯಲ್ಲೇ ತೆಗೆದು, ತಾನಾಗೇ ಎರಡು ಸಲ ಸರಿಯಾಗಿ ಹೋದ ಮೇಲೆ ಕಳಿಸಿದರು. ಮಾತ್ರೆ ಕವರ್ ಮೇಲೆ ಸೂರ್ಯ, ಚಂದ್ರ ಬರೆದಿದ್ದೇವೆ, ಚಿಕ್ಕಮ್ಮನಿಗೆ ಓದು ಬರುವುದಿಲ್ಲ. ಓವರಿ ಎರಡೂ ತೆಗೆದಿದ್ದಾರೆ. ಅವರಿಗೆ ಮುಟ್ಟು ನಿಂತು ಎರಡು ವರ್ಷ ಆಗಿದೆ, ಕ್ಯಾಲ್ಸಿಯಂ ಬರೆದಿದ್ದಾರೆ. ಬಯಾಪ್ಸಿ ರಿಪೋರ್ಟಿಗೆ 10 ದಿನ ಬಿಟ್ಟು ಬನ್ನಿ ಎಂದರು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ, ನಾನೇ ಹೋಗಿ ತರುತ್ತೇನೆ.

ನಮ್ಮಮ್ಮ ಈಗ ಚಿಕ್ಕಮ್ಮನ ಮನೆಯಲ್ಲೇ ಇದ್ದಾರೆ. ಗಂಟೆಗೊಂದು ಲೋಟ ನೀರು ಅವರೇ ಕೊಡುತ್ತಿದ್ದಾರೆ.

ವಾರ್ಡಿನ ಹಳೇ ಸಿಸ್ಟರ್

ಒಳ್ಳೆಯದಾಯಿತು ಮಗಳೇ. ಇವತ್ತು ಕಕ್ಕಸಿಗೆ ಹೋದರಾ?

ಮದ್ದೂರಿನ ಮಗಳು

ಹೋದರು ಸಿಸ್ಟರ್. ಬೆಳಗ್ಗೆಯೇ, ಮುಕ್ಕದೆ.